ಟವೆಲ್ ಬೇಕಾದ ಗಂಡಸರು

ನಮ್ಮ ಅತ್ತೆಯವರ ಲೆಕ್ಕದಲ್ಲಿ ಲೋಕದ ಗಂಡಸರೆಲ್ಲ ಎರಡೇ ಜಾತಿ. ಟವೆಲ್ ಬೇಕಾದವರು ಮತ್ತು ಟವೆಲ್ ಬೇಡದವರು.

ಹಾಲು ಹಾಕುವವನಿಗೆ ಟವೆಲ್ ಬೇಡ. ನಮ್ಮನೆಯ ಬಾಣಂತನ, ಮಕ್ಕಳ ದಡಾರ, ಅತ್ತೆ ಸೊಸೆ ಜಗಳ ಎಲ್ಲವನ್ನೂ ಬಾಗಿಲಲ್ಲಿ ನಿಂತೇ ನೋಡಿದವನು ಅವನು. ಗ್ಯಾಸ್ ಸಿಲಿಂಡರ್ ತರುವವನಿಗೆ ಬೇಕು. ಕರೆಂಟ್ ಬಿಲ್ ಕೊಡುವವನಿಗೆ ಬೇಕೇ ಬೇಕು, ಯಾಕೆಂದರೆ ಅವನು ಸರ್ಕಾರ. ತರಕಾರಿ ಗಾಡಿಯವನಿಗೆ ಬೇಡ, ಆದರೆ ಅವನ ಬದಲು ಅವನ ತಮ್ಮ ಬಂದ ದಿನ ಬೇಕು, ಯಾಕೆಂದರೆ ತಮ್ಮನಿಗೆ ಇನ್ನೂ ಮದುವೆಯಾಗಿಲ್ಲ. ಮಠದ ಅಯ್ಯನವರು ಬಂದರೆ ಟವೆಲ್ಲೂ ಸಾಲದು, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಸೊಸೆಯನ್ನು ಆಚೆ ಕಳಿಸಬೇಕು. ಬೀಗರು ಬಂದರಂತೂ ಮುಗಿದೇ ಹೋಯಿತು, ಅವತ್ತು ಜ್ವರ ಬಂದಿದೆ ಎಂದು ಕಂಬಳಿ ಹೊದ್ದು ಮಲಗುವುದೇ ದಾರಿ.

ನೈಟಿ ತೊಡದವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನೈಟಿ ಎಂದು ಹೆಸರಿಟ್ಟವರು ಯಾರೋ, ಶಿಕಾರಿಪುರದಲ್ಲಿ ಅದನ್ನು ರಾತ್ರಿ ಮಾತ್ರ ಹಾಕುವವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಒಗೆದದ್ದನ್ನು ಹಾಕಿಕೊಂಡರೆ ಅದು ಹಗಲಿನ ನೈಟಿ. ಅದರ ಒಳಗೆ ಲಂಗ. ಅದರ ಮೇಲೆ, ಬಾಗಿಲಿಗೆ ಬರುವಾಗ, ಒಂದು ಟವೆಲ್. ಆ ಟವೆಲ್ಲಿನ ಮೇಲೆ ನಮ್ಮ ಮರ್ಯಾದೆ. ನೋಡಿ ಬೇಕಾದರೆ, ಸೀರೆಯಲ್ಲಿ ಸೊಂಟ ಕಾಣುತ್ತದೆ, ಬೆನ್ನು ಕಾಣುತ್ತದೆ. ನೈಟಿಯಲ್ಲಿ ಕುತ್ತಿಗೆಯಿಂದ ಕಾಲಿನ ಬೆರಳವರೆಗೆ ಗೋಣಿಚೀಲದ ಹಾಗೆ ಎಲ್ಲ ಮುಚ್ಚಿರುತ್ತದೆ. ಆದರೂ ಸೀರೆಯದು ಪೂರ್ತಿ ಮರ್ಯಾದೆ, ನೈಟಿಯದು ಏನೂ ಇಲ್ಲ, ಮೈ ಒರೆಸುವ ಬಟ್ಟೆಯೊಂದನ್ನು ಹೆಗಲಿಗೆ ಎಸೆದುಕೊಂಡರೆ ಅರ್ಧ ವಾಪಸ್ ಬರುತ್ತದೆ. ಈ ಲೆಕ್ಕ ಯಾರು ಹಾಕಿದರೋ ಅವರ ತಲೆಗೆ ಏನು ಬಡಿದಿತ್ತೋ ನನಗಂತೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ನಾನೂ ಟವೆಲ್ ಹಾಕಿಕೊಳ್ಳುತ್ತೇನೆ, ಅದು ಬೇರೆ ವಿಷಯ.

ಅತ್ತೆಯವರು ಜನ್ಮವಿಡೀ ಸೀರೆಯಲ್ಲೇ ಇದ್ದವರು. ಮಲಗುವುದೂ ಸೀರೆಯಲ್ಲೇ, ಕಳೆ ಕೀಳುವುದೂ ಸೀರೆಯಲ್ಲೇ. ನಾನು ನೈಟಿಯಲ್ಲಿ ರಂಗೋಲಿ ಹಾಕಿದರೆ ರಂಗೋಲಿಯನ್ನು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಹೀಗಿರುವಾಗ ಬಚ್ಚಲಲ್ಲಿ ಜಾರಿಬಿದ್ದು ಬಲಗೈಯ ರಟ್ಟೆ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಕೈ ಎದೆಮಟ್ಟದಿಂದ ಮೇಲೆ ಏಳಲಿಲ್ಲ. ಕುಪ್ಪಸದ ತೋಳಿಗೆ ಕೈ ತೂರಿಸಲು ಆಗದು, ನೆರಿಗೆ ಹಿಡಿಯಲು ಆಗದು.

"ನಾ ಉಡಿಸ್ತೀನಿ ಬಿಡ್ರಿ ಅತ್ತೆ," ಅಂದೆ.

"ಉಡಿಸ್ತಿ ಕಣವ್ವಾ. ಜಾರಿದ್ ಸೆರಗು ಎತ್ತಿ ಹಾಕೋರ್ ಯಾರು? ದಿನಾ ನನ್ ಹಿಂದೆ ಹಿಂದೆ ತಿರುಗ್ತಿಯೇನು?" ಅಂದರು. ಅದೂ ನಿಜವೇ. ನಾವು ಹೆಂಗಸರು ದಿನಕ್ಕೆ ಎಷ್ಟು ಸಲ ಬಲಗೈಯಿಂದ ಸೆರಗು ಸರಿಮಾಡಿಕೊಳ್ಳುತ್ತೇವೆ ಎನ್ನುವುದು ಆ ಕೈ ಹೋದ ಮೇಲೆಯೇ ತಿಳಿಯುವುದು.

ಇನ್ನು ನಮ್ಮನೆಯವರ ಕಷ್ಟ ಕೇಳಿ. ನಮ್ಮದು ಪೇಟೆಯಲ್ಲಿ ಸೀರೆ ಅಂಗಡಿ. ಅವರು ಬಿಳಿ ಗಾದಿಯ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ, "ಸೀರೆ ಉಟ್ರೇನೆ ಹೆಣ್ಮಕ್ಕಳಿಗೆ ಕಳೆ ಅಕ್ಕಾರೇ," ಎಂದು ಹೇಳಿ ಹೇಳಿಯೇ ಸಂಸಾರ ನಡೆಸಿದವರು. ನೈಟಿಗಳನ್ನೂ ಮಾರುತ್ತಾರೆ, ಹಿಂದಿನ ಗೋಡೆಗೆ, ಬಚ್ಚಲ ಬಾಗಿಲ ಪಕ್ಕ ನೇತುಹಾಕಿ. ಅವನ್ನು ಮಾಲು ಎಂದು ಕೂಡ ಕರೆಯುವುದಿಲ್ಲ, "ಅವು" ಅನ್ನುತ್ತಾರೆ.

"ಅವ್ವಗೆ ಅವು ಬೇಡ," ಅಂದರು.

"ಹಂಗಾದ್ರೆ ಅವ್ವಗೆ ದಿನಾ ನೀವೇ ಸೀರೆ ಉಡಿಸ್ರಿ," ಅಂದೆ.

ಸಂಜೆ ನೈಟಿ ತಂದರು. ಮುಂದೆ ಸೊಂಟದವರೆಗೆ ಉದ್ದಕ್ಕೆ ಜಿಪ್ಪಿದ್ದು, ತೋಳು ಸಡಿಲವಿದ್ದು, ಕಾಲಿನ ಕಡೆಯಿಂದ ಹಾಕಿಕೊಳ್ಳಲು ಬರುವಂಥದ್ದು ಇಡೀ ಅಂಗಡಿಯಲ್ಲಿ ಒಂದೇ ನಮೂನೆ ಇತ್ತು. ಅದು ಯಾಕೆ ಮಾರಾಟವಾಗದೆ ಉಳಿದಿತ್ತು ಎನ್ನುವುದು ಕಟ್ಟು ಬಿಚ್ಚಿದ ಕೂಡಲೇ ಗೊತ್ತಾಯಿತು. ಕಡುನೀಲಿ ಬಣ್ಣ, ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ ಹಳದಿ ಸೂರ್ಯಕಾಂತಿ ಹೂಗಳು. ಎದೆಯ ಮೇಲೊಂದು, ಹೊಟ್ಟೆಯ ಮೇಲೊಂದು, ಹಿಂದೆ ಕೂರುವ ಜಾಗಕ್ಕೆ ಸರಿಯಾಗಿ ಅಕ್ಕಪಕ್ಕ ಎರಡು.

ಅತ್ತೆ ಕನ್ನಡಿಯ ಮುಂದೆ ನಿಂತು, "ಯವ್ವಾ! ಎಣ್ಣೆಕಾಳಿನ ಹೊಲದಂಗೆ ಕಾಣ್ತೀನಲ್ಲೇ!" ಅಂದರು. ಅಂದು, ಕೂತರು, ಎದ್ದರು, ಎಡಗೈಯಿಂದ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿದರು. ಯಾರ ಸಹಾಯವೂ ಇಲ್ಲದೆ ಬಚ್ಚಲಿಗೆ ಹೋಗಿ ಬಂದರು. ಬಂದವರ ಮುಖದಲ್ಲಿ ಒಂದು ಗೆಲುವು ಇತ್ತು. ಮಾರನೆಯ ದಿನ, "ಇನ್ನೂ ಎರಡು ಇದ್ರೆ ತರಾಕ್ ಹೇಳು," ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಂಪನಿಯವನು ಕಟ್ಟಿನ ತುಂಬ ಅದೊಂದೇ ನಮೂನೆ ಕಳಿಸಿದ್ದ. ಹಾಗಾಗಿ ದಿನಾ ಬದಲಾಯಿಸಿದರೂ ದಿನಾ ಅದೇ ಸೂರ್ಯಕಾಂತಿ. ಪಕ್ಕದ ಮನೆಯಾಕೆ ಒಂದು ದಿನ ನನ್ನನ್ನು ಕರೆದು, "ಅಮ್ಮಾರಿಗೆ ಬಟ್ಟೆ ಬದ್ಲಾಯ್ಸಾಕೆ ಮರೆತು ಹೋಗ್ತೈತೇನ್ರೀ?" ಎಂದು ಮೆಲ್ಲಗೆ ವಿಚಾರಿಸಿದಳು.

ಲಿಂಗಪೂಜೆಯ ವಿಷಯದಲ್ಲಿ ಮಾತ್ರ ಅತ್ತೆಯವರಿಗೆ ಬಹಳ ದಿನ ಅಳುಕು. ನೈಟಿಯಲ್ಲಿ ಪೂಜೆಗೆ ಕೂರಬಹುದೇ? ಶಿವ ಯಾವ ಜಾತಿ, ಟವೆಲ್ ಬೇಕಾದವನೋ ಬೇಡದವನೋ? ಕೊನೆಗೆ ಅವರೇ ತೀರ್ಮಾನ ಮಾಡಿದರು. "ಅವನೇ ತೊಗಲು ಸುತ್ಕೊಂಡು ಸ್ಮಶಾನದಾಗೆ ಕುಂತೋನು. ನನಗೇನಂತಾನೆ?" ಅಂದರು. ಆದರೂ ಪೂಜೆಗೆ ಕೂರುವಾಗ ಒಗೆದ ಟವೆಲ್ ಹಾಕಿಕೊಳ್ಳುತ್ತಿದ್ದರು. ಶಿವನ ಪಕ್ಕ ಪಾರ್ವತಿ ಇರುತ್ತಾಳಲ್ಲ, ಅವಳು ನೋಡುತ್ತಾಳೆ ಎಂದು.

ಶಿವನಿಗೆ ಸಮಾಧಾನ ಹೇಳಿದ ಅತ್ತೆಯವರಿಗೆ ಅಕ್ಕನಿಗೆ ಹೇಳಲು ಧೈರ್ಯ ಬರಲಿಲ್ಲ.

ಅಕ್ಕ ಅಂದರೆ ಅತ್ತೆಯವರ ಒಡಹುಟ್ಟಿದ ಅಕ್ಕ, ನಮ್ಮನೆಯವರಿಗೆ ದೊಡ್ಡವ್ವ. ಅವರನ್ನು ಸೊರಬದ ಕಡೆ ಹೊಸಬಾಳೆಗೆ ಕೊಟ್ಟಿದ್ದು. ಇಬ್ಬರೂ ತೊಗರ್ಸಿಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿಯ ತವರುಮನೆಯ ಪಡಸಾಲೆಯಲ್ಲಿ ಅತ್ತೆಯವರಿಗೆ ಮೊದಲ ಸೀರೆ ಉಡಿಸಿದವರು ಈ ಅಕ್ಕನೇ. ಉಡಿಸಿ ನಾಲ್ಕು ಹೆಜ್ಜೆ ನಡೆಸಿದಾಗ ನೆರಿಗೆ ಬಿಚ್ಚಿ ನೆಲಕ್ಕೆ ಬಿತ್ತಂತೆ, ಅಕ್ಕ ತಲೆಗೆ ಒಂದು ಮೊಟಕಿದರಂತೆ. "ಆ ಮೊಟಕು ಇನ್ನೂ ಇಲ್ಲೇ ಐತಿ ನೋಡು," ಎಂದು ಅತ್ತೆ ಈಗಲೂ ನೆತ್ತಿ ಮುಟ್ಟಿ ತೋರಿಸುತ್ತಾರೆ. ಇವರಿಬ್ಬರೂ ಯಾವಾಗ ಭೇಟಿಯಾದರೂ ಮೊದಲು ಕ್ಷೇಮ ಕೇಳುವುದಿಲ್ಲ. ಅಕ್ಕ ತಂಗಿಯ ಸೆರಗಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಬೇಕು. ಮಗ್ಗದ್ದೋ ಮಿಷಿನ್ನಿದ್ದೋ, ಬಣ್ಣ ಬಿಡುತ್ತದೋ ಇಲ್ಲವೋ, ಎಲ್ಲ ಹೇಳಬೇಕು. ಆಮೇಲೆಯೇ, "ಬಾ, ಕೂತ್ಕ," ಅನ್ನುವುದು.

ಅಂಥ ಅಕ್ಕ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದರು. ಅತ್ತೆಯವರು ಅದಕ್ಕೊಂದು ಉಪಾಯ ಮಾಡಿದರು. ಅಂಗಡಿಯಿಂದ ಒಂದು ಹೊಸ ಸೀರೆ ತರಿಸಿ, ಮಡಿಕೆ ಬಿಚ್ಚದೆ, ನೈಟಿಯ ಎಡಹೆಗಲ ಮೇಲೆ ಸೆರಗಿನ ಹಾಗೆ ಇಳಿಬಿಟ್ಟುಕೊಂಡು ಕೂರುವುದು. ಫೋನು ಹಿಡಿಯುವ ಕೆಲಸ ನನ್ನದು. "ಕೆಳಗೆ ಇಳಿಸ್ಬ್ಯಾಡ, ಸೂರ್ಯಕಾಂತಿ ಕಾಣ್ತೈತಿ," ಎಂದು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು. ಆ ಕಡೆಯಿಂದ ದೊಡ್ಡವ್ವ, "ಇವತ್ಯಾವ ಸೀರೇನೇ?" ಎನ್ನುವರು. ಇವರು, "ಕಡುಗೆಂಪು, ಹಸಿರು ಅಂಚು ಅಕ್ಕಾ," ಎನ್ನುವರು. "ಬಾಳ ಚೆನಾಗದೆ. ನಿಂಗೆ ಕೆಂಪು ಒಪ್ತದೆ," ಎಂದು ಅವರು. ಕಾಲ್ ಮುಗಿದ ಮೇಲೆ ಸೀರೆ ವಾಪಸ್ ಅಂಗಡಿಗೆ. ಒಂದೇ ಸೀರೆ ಎರಡು ಸಲ ತೋರಿಸುವಂತಿಲ್ಲ, ಅಕ್ಕ ಕಂಡುಹಿಡಿದುಬಿಡುತ್ತಾಳೆ! ಅಂಗಡಿಯ ಮಾಲೆಲ್ಲ ಹೀಗೆ ಒಂದೊಂದೇ ಹೊಸಬಾಳೆಗೆ ದರ್ಶನ ಕೊಟ್ಟು ಬರುತ್ತಿತ್ತು. ನಮ್ಮನೆಯವರಿಗೆ ಇದರಿಂದ ಬಹಳ ಸಂತೋಷ. ಅವ್ವ ಇನ್ನೂ ಸೀರೆಯಲ್ಲೇ ಇದ್ದಾರೆ ಎಂದು ಲೋಕ ತಿಳಿದುಕೊಂಡಿದೆಯಲ್ಲ ಎಂದು. ಆದರೆ ಅಕ್ಕ, "ಬಂದು ಹೋಗೇ ಒಂದ್ಸಲ," ಅಂದಾಗಲೆಲ್ಲ ಅತ್ತೆಯವರಿಗೆ ಒಂದೊಂದು ನೆವ. ಕೈನೋವು, ಮಳೆ, ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಸುಣ್ಣ ಬಳಿಯುವುದು ಎಷ್ಟು ತಿಂಗಳು ನಡೆಯುತ್ತದೆ ಎಂದು ಅಕ್ಕ ಕೇಳಲಿಲ್ಲ, ಪುಣ್ಯ.

ಒಂದು ಮಧ್ಯಾಹ್ನ ದೊಡ್ಡವ್ವನ ಸೊಸೆಯಿಂದ ಫೋನು. ನನಗೆ ಓರಗಿತ್ತಿಯಾಗಬೇಕು ಅವಳು. ದನಿ ತಗ್ಗಿಸಿ ಮಾತಾಡಿದಳು.

"ನಮ್ಮತ್ತೆ ಕಣ್ಣು ಹೋಗ್ತಾ ಅದೆ ಕಣೇ. ಒಂದು ಪೂರ್ತಿ ಹೋಯ್ತು. ಇನ್ನೊಂದರಲ್ಲಿ ಸ್ವಲ್ಪ ಬೆಳಕು, ಸ್ವಲ್ಪ ಬಣ್ಣ, ಅಷ್ಟೇ. ಅದೂ ಉಳಿಯದಿಲ್ಲ ಅಂದ್ರು ಡಾಕ್ಟ್ರು. ತಂಗಿ ಮುಖ ಒಂದ್ಸಲ ನೋಡ್ಬೇಕಿತ್ತು ಅಂತ ಕೂತಾರೆ. ಹೇಳ್ಬೇಡ ಅಂದಿದ್ರು, ನಾ ಹೇಳ್ದೆ."

ಒಳಗೆ ಹೋಗಿ ಅತ್ತೆಯವರಿಗೆ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು, ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಾ ಕೂತರು. ಆಮೇಲೆ, "ಹೋಗ್ಬೇಕವ್ವಾ," ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಹೆಂಗ್ ಹೋಗ್ಲಿ?" ಅಂದರು.

ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಸಭೆ ಯಾವ ಪಂಚಾಯಿತಿಯಲ್ಲೂ ನಡೆದಿರಲಿಕ್ಕಿಲ್ಲ. ಸೀರೆ ಉಡಿಸಿಯೇ ಕರೆದೊಯ್ಯಬೇಕು ಎಂದು ನಮ್ಮನೆಯವರು. ಸರಿ, ನೈಟಿಯ ಮೇಲೆಯೇ ಸೀರೆ ಉಡಿಸಿ ನೋಡೋಣ ಎಂದು ನಾನು. ಉಡಿಸಿದೆ. ಅತ್ತೆ ಹುಲ್ಲಿನ ಹೊರೆಯಷ್ಟು ದಪ್ಪಗಾದರು. ಕೂತರೆ ನೆರಿಗೆ ಎದೆಗೆ ಬಂತು, ನಿಂತರೆ ಸೆರಗು ಮೊಣಕೈಗೆ ಬಂತು. ಎತ್ತಿ ಹಾಕಲು ಹೋಗಿ ನೋವಿನಿಂದ ಕೂಗಿಕೊಂಡರು. ಪಿನ್ ಹಾಕಿದೆ. ಪಿನ್ ಹಾಕಿದ ಮೇಲೆ ಬಚ್ಚಲಿಗೆ ಹೋಗಬೇಕು ಅಂದರು. ಸೀರೆ ಬಿಚ್ಚುವಷ್ಟರಲ್ಲಿ ನಾವಿಬ್ಬರೂ ಬೆವರಿ, ಬೈದುಕೊಂಡು, ಕೊನೆಗೆ ನಗುತ್ತಾ ನೆಲಕ್ಕೆ ಕೂತೆವು. ನಗುತ್ತಿದ್ದವರು ಇದ್ದಕ್ಕಿದ್ದಂತೆ ಅಳತೊಡಗಿದರು.

"ಅವಳು ಸೆರಗು ಮುಟ್ಟಿ ನೋಡ್ತಾಳಲ್ಲವ್ವಾ. ಕಣ್ಣು ಹೋದ್ರೂ ಕೈ ಐತಲ್ಲ. ಎಷ್ಟ್ ತಿಂಗ್ಳು ದಿನಾ ಸುಳ್ಳು ಹೇಳೀನಿ ನಾನು," ಅಂದರು.

ನಾನು ಕೋಣೆಯಿಂದ ಹೊರಗೆ ಬಂದು ನಮ್ಮನೆಯವರನ್ನು ಸರಿಯಾಗಿ ತರಾಟೆಗೆ ತೆಗೆದುಕೊಂಡೆ. "ನಿಮ್ಮ ಅಂಗಡಿ ಮಾನ ಉಳಿಸ್ಕೊಳ್ರಿ. ಆ ಮುದುಕಿ ಕಣ್ಣು ಮಾತ್ರ ನಿಮ್ಮ ಅಂಗಡಿ ಬಾಗ್ಲು ತೆಗೆಯೋತನಕ ಕಾಯ್ತಾ ಕೂರಲ್ಲ," ಅಂದೆ. ಅವರು ಚಪ್ಪಲಿ ಮೆಟ್ಟಿ ಹೊರಟುಹೋದರು. ಸಿಟ್ಟು ಬಂತೆಂದುಕೊಂಡೆ.

ಬರುವಾಗ ಕೈಯಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ, ಟವೆಲ್. ಹೊಚ್ಚ ಹೊಸ ದಪ್ಪ ಟರ್ಕಿ ಟವೆಲ್ಲು, ನೈಟಿಗೆ ಹೊಂದುವ ಹಾಗೆ ನೀಲಿ. ಅದರ ಎರಡೂ ತುದಿಗೆ ಅಗಲವಾದ ಕೈಮಗ್ಗದ ಅಂಚು, ಜರಿ ಮಿಂಚುವ ಅಂಚು. ಅಂಗಡಿಯ ಒಳ್ಳೆಯ ಸೀರೆಯೊಂದರಿಂದ ಕತ್ತರಿಸಿ, ದರ್ಜಿಯ ಹತ್ತಿರ ಕೂತು ಹೊಲಿಸಿಕೊಂಡು ಬಂದಿದ್ದರು.

"ಅಂಚಿದ್ರೆ ಅದು ಸೆರಗು," ಅಂದರು, ನನ್ನ ಕಡೆ ನೋಡದೆ.

ಇಂಥ ವಸ್ತುವನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮದುವೆಗೆ ಹೊರಟ ಟವೆಲ್! ಸೀರೆ ಕತ್ತರಿಸುವುದೆಂದರೆ ಅವರಿಗೆ ತಮ್ಮ ಬೆರಳು ಕತ್ತರಿಸಿದಷ್ಟೇ ನೋವು. ಅತ್ತೆ ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡಿದರು. "ಹೋಗಾಣ," ಅಂದರು.

ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಅತ್ತೆ ಹಿಂದಿನ ಸೀಟಿನಲ್ಲಿ ಕಿಟಕಿಯಿಂದ ದೂರ, ನಡುವೆ ಕೂತರು. ಊರು ದಾಟುವವರೆಗೆ ಯಾರು ಕಂಡರೂ, "ಇವನಿಗೆ ಬೇಕು, ಇವನಿಗೆ ಬ್ಯಾಡ," ಎಂದು ಗೊಣಗುತ್ತಾ ಟವೆಲ್ಲನ್ನು ಏರಿಸಿ ಇಳಿಸಿ ಮಾಡುತ್ತಿದ್ದರು. ಶಿರಾಳಕೊಪ್ಪದಲ್ಲಿ ನಮ್ಮನೆಯವರು ಹಣ್ಣು ಕೊಳ್ಳಲು ಗಾಡಿ ನಿಲ್ಲಿಸಿದರು. ನಿಲ್ಲಿಸಿದ್ದೇ ತಡ, ಈಸೂರಿನ ಒಬ್ಬಾಕೆ, ನಮ್ಮ ಅಂಗಡಿಯ ಹಳೇ ಗಿರಾಕಿ, ಸೀದಾ ಕಾರಿನ ಕಿಟಕಿಗೇ ಬಂದುಬಿಟ್ಟಳು.

"ಆರಾಮದೀರೇನ್ರೀ ಅಮ್ಮಾರೇ?" ಅಂದವಳು ಮಾತು ನಿಲ್ಲಿಸಿ ಅತ್ತೆಯವರ ಹೆಗಲನ್ನೇ ನೋಡಿದಳು. ಅತ್ತೆ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಹಣ್ಣಿನ ಚೀಲ ಹಿಡಿದು ಬಂದ ನಮ್ಮನೆಯವರೂ ಅಲ್ಲೇ ನಿಂತರು.

"ಇದ್ಯಾವುದ್ರೀ ಹೊಸಾ ನಮೂನೆ? ನಿಮ್ಮ ಅಂಗಡ್ಯಾಗೆ ಬಂದೈತೇನು?"

"ಹ್ಞೂಂ ಅಕ್ಕಾರೇ. ಮುಂದಿನ್ ವಾರ ಬರ್ತೈತಿ ಸ್ಟಾಕು," ಅಂದರು ನಮ್ಮನೆಯವರು. ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು, ಪಾಪ. ಆಕೆ, "ನಂಗೊಂದು ಹಸಿರು ಎತ್ತಿಡ್ರಿ," ಎಂದು ಹೇಳಿ ಹೋದಳು. ಕಾರು ಸೊರಬದ ರಸ್ತೆ ಹಿಡಿದ ಮೇಲೆ ಅತ್ತೆ ತಾವಾಗಿಯೇ ಕಿಟಕಿಯ ಕಡೆಗೆ ಸರಿದು ಕೂತರು.

ಹೊಸಬಾಳೆ ಹತ್ತಿರವಾದ ಹಾಗೆ ಆ ಧೈರ್ಯವೂ ಇಳಿಯಿತು. ದೊಡ್ಡವ್ವನ ಮನೆಯ ಮುಂದೆ ಕಾರು ನಿಂತಾಗ ಅತ್ತೆ ಮತ್ತೆ ಸೀಟಿನ ನಡುವಿಗೆ ಸರಿದಿದ್ದರು. ಓರಗಿತ್ತಿ ಓಡಿಬಂದು ಜಗಲಿಯಲ್ಲಿ ಕೂರಿಸಿದಳು, ನೀರು ಬೆಲ್ಲ ಕೊಟ್ಟಳು. ಅತ್ತೆಯವರ ಸೂರ್ಯಕಾಂತಿಗಳನ್ನು ನೋಡಿ ಅವಳ ಮುಖದಲ್ಲಿ ಎಂಥದೋ ಒಂದು ಬದಲಾವಣೆಯಾಯಿತು, ನಗುವೋ ಗಾಬರಿಯೋ ತಿಳಿಯಲಿಲ್ಲ. "ಅತ್ತೆ ಈಗ ಬರ್ತಾರೆ," ಎಂದು ಒಳಗೆ ಹೋದವಳು ಬರಲೇ ಇಲ್ಲ. ಒಳಗಿನಿಂದ ಗುಸುಗುಸು, ಏದುಸಿರು, "ಬಿಗಿ ಹಿಡಿಯೇ," "ಉಸಿರು ಎಳ್ಕಳಿ ಅತ್ತೆ," ಇಂಥ ಮಾತುಗಳು. ಹೆರಿಗೆ ಮನೆಯ ಹೊರಗೆ ಕೂತ ಹಾಗೆ ಕೂತಿದ್ದೆವು.

ಕೊನೆಗೆ ದೊಡ್ಡವ್ವ ಸೊಸೆಯ ಕೈಹಿಡಿದು ಹೊಸ್ತಿಲು ದಾಟಿದರು. ಬೂದು ಬಣ್ಣದ ರೇಷ್ಮೆ ಸೀರೆ, ಭರ್ತಿ ಸೆರಗು. ಆದರೆ ಮನುಷ್ಯರು ಯಾಕೋ ಗುಂಡಗೆ, ಅಲ್ಲಲ್ಲಿ ಉಬ್ಬಿಕೊಂಡಿದ್ದರು. ನನ್ನ ಕಣ್ಣು ಕೆಳಗೆ ಹೋಯಿತು. ಸೀರೆಯ ಅಂಚಿನ ಕೆಳಗೆ, ಪಾದದ ಮೇಲೆ, ಗುಲಾಬಿ ಬಣ್ಣದ ಝಾಲರು ಇಣುಕುತ್ತಿತ್ತು. ನೈಟಿ! ನಾನು ಓರಗಿತ್ತಿಯ ಮುಖ ನೋಡಿದೆ, ಅವಳು ತಾರಸಿ ನೋಡಿದಳು. ಅತ್ತೆಯವರೂ ನೋಡಿದರು, ನೋಡಿ ತುಟಿ ಬಿಗಿಹಿಡಿದುಕೊಂಡರು. ಕಾಣದವರು ದೊಡ್ಡವ್ವ ಒಬ್ಬರೇ.

ಅವರು ತಂಗಿಯ ಪಕ್ಕ ಕೂತರು. ಕೂರಲು ಕಷ್ಟವಾಯಿತು, ನರಳಿದರು. ಕ್ಷೇಮ ಕೇಳಲಿಲ್ಲ. ಕೈ ಚಾಚಿ ತಡಕಾಡಿ, ತಂಗಿಯ ಎಡಹೆಗಲಿನಿಂದ ಇಳಿದ ತುದಿಯನ್ನು ಹಿಡಿದು ಎರಡು ಬೆರಳ ನಡುವೆ ಉಜ್ಜಿದರು.

"ಅಂಚು ಮಗ್ಗದ್ದೇ. ಒಳ್ಳೇ ಅಂಚು," ಅಂದರು. ಬೆರಳು ಮೇಲಕ್ಕೆ ಹೋಯಿತು. ನಿಂತಿತು. ಮತ್ತೆ ಉಜ್ಜಿದರು. "ಎಂತದೇ ಇದು? ಇಷ್ಟು ದಪ್ಪ?"

ನಮ್ಮನೆಯವರು ಅಂಗಳದಲ್ಲಿ ಕಾರಿನ ಟೈರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಟವೆಲ್ಲಕ್ಕಾ," ಅಂದರು ಅತ್ತೆ ಕೊನೆಗೆ. "ಸೀರೆ ಉಡಾಕೆ ಆಗಲ್ಲ ನಂಗೆ. ಕೈ ಏಳಲ್ಲ. ನೈಟಿ ಹಾಕ್ಕೊಂಡ್ ಬಂದೀನಿ. ಫೋನಿನಾಗೆ ದಿನಾ ತೋರಿಸ್ತಿದ್ದುದೆಲ್ಲ ಅಂಗಡೀವು, ಮಡಿಕೆ ಬಿಚ್ಚದೇ ಇರೋವು. ಎಲ್ಲಾ ಸುಳ್ಳು."

ದೊಡ್ಡವ್ವ ಕೈಯನ್ನು ತಂಗಿಯ ಹೆಗಲಿನಿಂದ ತಲೆಗೆ ತಂದರು. ತಂದು ಒಂದು ಮೊಟಕಿದರು. ಸರಿಯಾಗಿಯೇ ಮೊಟಕಿದರು, ಸದ್ದು ನನಗೆ ಕೇಳಿಸಿತು.

"ಮೊದಲೇ ಹೇಳಕ್ಕೆ ಎಂತ ಆಗಿತ್ತೇ ನಿಂಗೆ? ನಾ ಎಲ್ಲಿ ನಿನ್ ಸೀರೆ ಕಂಡಿದ್ನೇ ಮಾರಾಯ್ತಿ! ನೀ ಬಣ್ಣ ಹೇಳ್ತಿದ್ದೆ, ನಾ ಚೆನಾಗದೆ ಅಂತಿದ್ದೆ. ಕಾಣದಿಲ್ಲ ಅಂದ್ರೆ ನೀ ಅಳ್ತೀಯ ಅಂತ." ಆಮೇಲೆ ಸೊಸೆಯ ಕಡೆ ತಿರುಗಿ, "ಏ ಹುಡುಗೀ, ಮೊದ್ಲು ಈ ಸೀರೆ ಬಿಚ್ಚೇ. ಇವಳು ಬರ್ತಾಳೆ ಅಂತ ಆಗಿಂದ ಉಸಿರು ಕಟ್ಕಂಡು ಕೂತೀನಿ ನಾನು," ಅಂದರು.

ಜಗಲಿಯಲ್ಲೇ ಸೀರೆ ಬಿಚ್ಚಿದೆವು. ನಾನೊಂದು ಕಡೆ, ಓರಗಿತ್ತಿ ಒಂದು ಕಡೆ. ಒಳಗಿಂದ ಗುಲಾಬಿ ನೈಟಿಯ ದೊಡ್ಡವ್ವ ಹೊರಬಂದು, "ಉಸ್ಸಪ್ಪಾ," ಅಂದರು. ಹಾಗೆ ಅನ್ನುತ್ತಿರುವಾಗಲೇ ಅವರ ಮುಖ ತಂಗಿಯ ಕಡೆ ತಿರುಗಿ ಅಲ್ಲಿಯೇ ನಿಂತಿತು. ಅತ್ತೆಯವರ ಮೇಲೆ ಅಂಗಳದ ಬಿಸಿಲು ಬಿದ್ದಿತ್ತು, ಟವೆಲ್ ಒಂದು ಪಕ್ಕಕ್ಕೆ ಸರಿದಿತ್ತು.

"ಅದೆಂತದೇ ಹಳದಿ?"

"ಎಲ್ಲಿ ಅಕ್ಕಾ?"

"ನಿನ್ ಮೈ ಮೇಲೆ. ಗುಂಡಗೆ. ಒಂದಲ್ಲ, ಇನ್ನೂ ಅದೆ. ಹೂವಾ?"

"ಸೂರ್ಯಕಾಂತಿ ಅಕ್ಕಾ. ದರಿದ್ರ ಹೂವು, ತಟ್ಟೆಯಷ್ಟು ದೊಡ್ಡವು."

"ಅಲುಗಾಡು," ಅಂದರು ದೊಡ್ಡವ್ವ. ಅತ್ತೆ ಕೂತಲ್ಲೇ ಆ ಕಡೆ ಈ ಕಡೆ ವಾಲಾಡಿದರು. ದೊಡ್ಡವ್ವನ ತಲೆಯೂ ಆ ಕಡೆ ಈ ಕಡೆ ಹೋಯಿತು. "ಕಾಣ್ತೀಯಲ್ಲೇ! ಕಾಣ್ತೀಯಲ್ಲೇ ನೀನು! ಸೊಸೆ ಮುಖ ಕಾಣದಿಲ್ಲ ನಂಗೆ, ಕೈ ಕಾಣದಿಲ್ಲ, ನೀ ಕಾಣ್ತೀಯ." ಅವರು ತಂಗಿಯ ಎದೆಯ ಮೇಲಿನ ಹೂವನ್ನು ಅಂಗೈಯಿಂದ ಮುಟ್ಟಿದರು. ಅಲ್ಲಿಂದ ಮೇಲಕ್ಕೆ ಹೋದರೆ ಮುಖ ಎಂದು ಲೆಕ್ಕ ಹಾಕಿಕೊಂಡು, ಕೆನ್ನೆ, ಮೂಗು, ಹಣೆ ಎಲ್ಲ ಸವರಿದರು. ಅತ್ತೆ ಅಳುತ್ತಿದ್ದರು. ದೊಡ್ಡವ್ವ ಟವೆಲ್ಲಿನ ತುದಿಯಿಂದ ಅವರ ಕಣ್ಣು ಒರೆಸಿ, "ಸೀರೆ ಸೆರಗಿಗಿಂತ ಇದೇ ವಾಸಿ. ನೀರು ಹಿಡೀತದೆ," ಅಂದರು. ನಾನು ಅಡಿಗೆಮನೆಗೆ ಹೋಗುವ ನೆವದಲ್ಲಿ ಎದ್ದು ಹೋದೆ. ಅಲ್ಲಿ ಓರಗಿತ್ತಿಯೂ ಅದೇ ನೆವದಲ್ಲಿ ಬಂದು ನಿಂತಿದ್ದಳು.

ನಾವು ಚಹಾ ತರುವ ಹೊತ್ತಿಗೆ ಅಂಗಳದಲ್ಲಿ ಕೆಮ್ಮಿದ ಸದ್ದು. ಎದುರುಮನೆಯ ಹಿರಿಯರು, ನೆಂಟರು ಬಂದರೆಂದು ಮಾತಾಡಿಸಲು ಬಂದಿದ್ದರು.

"ಯಾರೇ? ಎದುರುಮನೆಯವರಾ?" ದೊಡ್ಡವ್ವ ಗಾಬರಿಯಿಂದ ಎದೆ ತಡಕಿಕೊಂಡರು. "ಅಯ್ಯೋ, ಅವರಿಗೆ ಟವೆಲ್ ಬೇಕು ಕಣೇ!"

ನಾನು ಚಹಾದ ತಟ್ಟೆ ಬೀಳಿಸುವುದೊಂದು ಬಾಕಿ. ಯಾರೂ ಹೇಳಿಕೊಡದೆ, ಹೊಸಬಾಳೆಯಲ್ಲೂ ಅದೇ ಎರಡು ಜಾತಿ! ಓರಗಿತ್ತಿ ಟವೆಲ್ ಹುಡುಕಲು ಒಳಗೆ ಓಡಿದಳು. ಅಷ್ಟರಲ್ಲಿ ಅತ್ತೆ ಅಕ್ಕನ ಮಗ್ಗುಲಿಗೆ ಒತ್ತಿ ಕೂತು, ತಮ್ಮ ಜರಿ ಅಂಚಿನ ಟವೆಲ್ಲನ್ನು ಎಡಗೈಯಿಂದ ಎಳೆದು ಇಬ್ಬರ ಎದೆಯ ಮೇಲೂ ಅಡ್ಡಕ್ಕೆ ಹೊದಿಸಿದರು. ಒಂದು ತುದಿ ಇವರ ಹೆಗಲಿಗೆ, ಇನ್ನೊಂದು ತುದಿ ಅವರ ಹೆಗಲಿಗೆ. ಒಂದೇ ಟವೆಲ್ಲಿನಲ್ಲಿ ಇಬ್ಬರು ಮುದುಕಿಯರು ಗಂಭೀರವಾಗಿ ಕೂತರು.

ಬಂದ ಹಿರಿಯರ ಮೈಮೇಲೆ ಒಂದು ಲುಂಗಿ ಬಿಟ್ಟರೆ ಏನೂ ಇರಲಿಲ್ಲ. ತಲೆಗೆ ಕೆಂಪು ಟವೆಲ್ ಸುತ್ತಿಕೊಂಡಿದ್ದರು. ಇಷ್ಟು ಮರ್ಯಾದೆಯಿಂದ ಕೂತ ಹೆಂಗಸರನ್ನು ಕಂಡು 'ಅಯ್ಯಯ್ಯೋ' ಎಂದು, ತಲೆಯ ಟವೆಲ್ ಬಿಚ್ಚಿ, ತಮ್ಮ ಬರಿಯ ಎದೆಗೆ ಅಡ್ಡ ಹಿಡಿದುಕೊಂಡು ಕೂತರು. ಮೂವರೂ ಹಾಗೆಯೇ ಚಹಾ ಕುಡಿದರು, ಮಳೆ ಬೆಳೆ ಮಾತಾಡಿದರು. ಅವರು ಎದ್ದು ಹೋದ ಮೇಲೂ ಅಕ್ಕ ತಂಗಿ ಟವೆಲ್ ತೆಗೆಯಲಿಲ್ಲ. ಅದರ ಅಡಿಯಲ್ಲೇ ಕೈ ಹಿಡಿದುಕೊಂಡು ಮಧ್ಯಾಹ್ನದ ಊಟದವರೆಗೆ ತೊಗರ್ಸಿಯ ಮಾತು ಆಡಿದರು.

ಹೊರಡುವಾಗ ಅತ್ತೆ ಟವೆಲ್ಲನ್ನು ಮಡಿಸಿ ಅಕ್ಕನ ಹೆಗಲಿಗೆ ಹಾಕಿದರು. "ಇದು ನಿಂಗಿರ್ಲಿ. ಮುಟ್ಟಿ ನೋಡ್ಕೋ," ಅಂದರು. ಬರೀ ನೈಟಿಯಲ್ಲಿ ಅಂಗಳಕ್ಕೆ ಇಳಿದರು. ನಾನು ನನ್ನ ದುಪಟ್ಟಾ ಕೊಡಲು ಹೋದೆ, ಬೇಡವೆಂದು ಕೈ ತಳ್ಳಿದರು.

ಜಗಲಿಯಿಂದ ದೊಡ್ಡವ್ವ, "ಮೆಲ್ಲಗೆ ಹೋಗೇ. ಇನ್ನೂ ಕಾಣ್ತದೆ," ಅಂದರು.

ಆ ಹೊತ್ತಿಗೆ ಬೀದಿಯಲ್ಲಿ ಟವೆಲ್ ಬೇಕಾದ ಗಂಡಸರೆಲ್ಲ ಇದ್ದರು. ಎದುರುಮನೆಯ ಹಿರಿಯರು, ಹಾಲಿನ ಡೈರಿಗೆ ಕ್ಯಾನ್ ಹೊತ್ತವರು, ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಮಾತಾಡುತ್ತಿದ್ದ ಗುರುತೇ ಇಲ್ಲದ ನಾಲ್ಕು ಜನ. ಗ್ಯಾಸ್ ಸಿಲಿಂಡರಿನವನಿಗೆ ಹೆದರಿ ಬಾಗಿಲ ಹಿಂದೆ ನಿಲ್ಲುತ್ತಿದ್ದ ನಮ್ಮ ಅತ್ತೆ ಅವರೆಲ್ಲರ ನಡುವೆ, ಬೀದಿಯ ಮಧ್ಯೆ, ಜಗಲಿಯ ಕಡೆಗೆ ಮುಖ ಮಾಡಿ ನಿಂತರು. ಒಳ್ಳೆಯ ಕೈಯಿಂದ ನೈಟಿಯ ಒಂದು ಪಕ್ಕ ಹಿಡಿದು, ಹೂಗಳೆಲ್ಲ ಪೂರ್ತಿ ಬಿಚ್ಚಿಕೊಳ್ಳುವ ಹಾಗೆ ಅಗಲಕ್ಕೆ ಚಾಚಿದರು.

"ಈಗ ಕಾಣ್ತೈತೇನಕ್ಕಾ?"

"ಸ್ವಲ್ಪ ಮಬ್ಬು," ಅಂದರು ದೊಡ್ಡವ್ವ, ಕತ್ತು ಮುಂದೆ ಚಾಚಿ.

ನಾನು ನಮ್ಮನೆಯವರ ಮುಖ ನೋಡಿದೆ. ಕಾರಿನ ಬಾಗಿಲು ಹಿಡಿದು ನಿಂತಿದ್ದರು. ಸುತ್ತ ನೋಡುತ್ತಿದ್ದ ಜನರನ್ನೆಲ್ಲ ಒಮ್ಮೆ ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ಬಾಗಿಲು ಬಿಟ್ಟು ಹತ್ತಿರ ಹೋಗಿ ಅವ್ವನ ಭುಜ ಹಿಡಿದರು.

"ಇತ್ಲಾಗೆ ಬಿಸಿಲಿಗೆ ಬಾ ಅವ್ವಾ," ಅಂದರು. "ಅಲ್ಲಿ ನೆರಳೈತಿ."